ನವಿಲು ಅಳಿಸಿದವರು

ಬನಹಟ್ಟಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವರು, ಕೆಲಸಕ್ಕೆ ಮೊದಲು ಕನ್ನಡಕ ಒರೆಸಿ, "ನೋಡೋರ ಕಣ್ಣ ಎಲ್ಲಿ ನಿಲ್ಲಬೇಕ್ರಿ?" ಎಂದು ಕೇಳುತ್ತಿದ್ದರು. ಸ್ಲೈಡು ಮಾಡಿಸುವವರು ಇದಕ್ಕೆ ಉತ್ತರ ಇಟ್ಟುಕೊಂಡೇ ಹೋಗಬೇಕು, ನಾನು ಹೋಗಿರಲಿಲ್ಲ.

ನಮ್ಮ ಸೀರೆಗಳನ್ನು ದೊಡ್ಡ ವ್ಯಾಪಾರಿಯೊಬ್ಬರಿಗೆ ತೋರಿಸಬೇಕಿತ್ತು. ಆರ್ಡರ್ ತಪ್ಪಿದರೆ ಮಗ್ಗಗಳು ನಿಲ್ಲುತ್ತಿದ್ದವು. ಪ್ರತಿ ಸ್ಲೈಡಿಗೂ ಕುಣಿಯುವ ನವಿಲು ಹಾಕಿಸಿದೆ.

"ಸಾವಕಾರ್ರ, ನವಿಲ ಮಾರಾಕ ಹೊಂಟೀರೇನ್ರಿ?" ಎಂದು ಅವರು ಎಲ್ಲ ಅಳಿಸಿದರು. ನನ್ನ ಫೋನಿನಲ್ಲಿದ್ದ, ನಮ್ಮ ಮಗ್ಗದಲ್ಲಿ ನೇಯುವ, ಎಲ್ಲರೂ ಕಾಕು ಎನ್ನುವ ಹೆಂಗಸು ಕಡಿದ ಎಳೆಗೆ ಗಂಟು ಹಾಕುವ ವಿಡಿಯೋ ಒಂದನ್ನೇ ಸೇರಿಸಿದರು.

"ಎಳಿ ಕಡದದ್ದ ಯಾರರೆ ತೋರಸ್ತಾರೇನ್ರಿ?" ಎಂದು ಜಗಳಾಡಿದೆ. ಅವರು ಕನ್ನಡಕ ಒರೆಸಿದರು, ಅಷ್ಟೇ.

ತೋರಿಸುವ ದಿನ, ವಿಡಿಯೋ ಮುಗಿದಾಗ ವ್ಯಾಪಾರಿ ಎದ್ದು ಬಂದು, ನಾನು ಒಯ್ದಿದ್ದ ಸೀರೆಯ ಮೇಲೆ ಬೆರಳಾಡಿಸಿ ಗಂಟು ಹುಡುಕಿದರು. ಬೆರಳಿಗೆ ಏನೂ ಹತ್ತಲಿಲ್ಲ.

"ಯಾವಾಗ ಕಳಸ್ತೀರಿ?" ಎಂದರು.