ಫುವಾಟಿನೊ ಹೊಡೆಯದ ಗಂಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫಾಲೆಸಾವಾ ಊರಿನ ಚರ್ಚಿನ ಎದುರು, ದೀವಿಹಲಸಿನ ಮರದ ಕೆಳಗೆ ಫುವಾಟಿನೊ ಎಂಬ ಅಜ್ಜಿ ನಿಂತಿದ್ದಾರೆ. ಕೈಯಲ್ಲೊಂದು ಕಬ್ಬಿಣದ ಸರಳು. ಕೊಂಬೆಗೆ ನೇತುಹಾಕಿರುವುದು ಬುಡ ಕತ್ತರಿಸಿದ ಹಳೆಯ ಆಕ್ಸಿಜನ್ ಸಿಲಿಂಡರ್. ಊರಿಗೆ ಅದೇ ಗಂಟೆ. ಹೊಡೆಯುವ ಮುಂಚೆ ಅವರು ಎಡಗೈಯನ್ನು ಅದರ ಮೈಮೇಲಿಟ್ಟು ನೋಡುತ್ತಾರೆ. ಏನು ನೋಡುತ್ತಿದ್ದೀರಿ ಎಂದು ಕೇಳಿದೆ.

"ಆಗ್ಲೇ ಅದುರ್ತಾ ಇದೆಯಾ ಅಂತ ನೋಡ್ತೀನಿ ಮೇಷ್ಟ್ರೇ. ನಾನು ಹೊಡೆಯೋಕೆ ಮುಂಚೆ ಅದುರಬಾರ್ದು ಅಲ್ವಾ?"

ಅದುರುತ್ತಿರಲಿಲ್ಲ. ಅವರು ಸರಳೆತ್ತಿ ಹೊಡೆದರು. ಸದ್ದು ತೆಂಗಿನ ತೋಪು ದಾಟಿ ಸಮುದ್ರದ ಕಡೆ ಹೋಯಿತು. ಮನೆಮನೆಯಲ್ಲಿ ಚಾಪೆ ಮಡಿಸುವ ಸದ್ದು, ಕೆಮ್ಮು, ಆಮೇಲೆ ಪ್ರಾರ್ಥನೆ.

ನಮ್ಮ ಸವಾಯಿ ದ್ವೀಪದಲ್ಲಿ ಹೆಸರು ಮಾಡಿದವರಿಗೇನೂ ಬರವಿಲ್ಲ. ಊರು ತುಂಬ ಮುಖಂಡರು, ಅವರ ಪರವಾಗಿ ಭಾಷಣ ಮಾಡುವವರು, ಭಾಷಣ ಚೆನ್ನಾಗಿತ್ತೆಂದು ಮತ್ತೆ ಭಾಷಣ ಮಾಡುವವರು. ಗಂಟೆ ಹೊಡೆಯುವವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಪತ್ರಿಕೆಗೆ ಅವರ ಬಗ್ಗೆ ಬರೆಯಲೆಂದೇ ನಾನು ಬಂದದ್ದು. ಮುಂಜಾನೆ ಒಂದು ಸಲ, ಸಂಜೆ ಮೂರು ಸಲ, ವರ್ಷಗಳಿಂದ ಫುವಾಟಿನೊ ಹೊಡೆಯುತ್ತಲೇ ಇದ್ದಾರೆ. ಮೊದಲು ಗಂಡ ಎಟುವಾಟಿ ಹೊಡೆಯುತ್ತಿದ್ದರು. ಅವರ ಭುಜ ಕೈಕೊಟ್ಟ ಮೇಲೆ ಸರಳು ಹೆಂಡತಿಯ ಕೈಗೆ ಬಂತು.

ಸಂಜೆಯ ಕೆಲಸವೇ ಮುಖ್ಯ. ಮೊದಲ ಗಂಟೆಗೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ "ಸಾ", ಅಂದರೆ ಸಂಜೆಯ ಪ್ರಾರ್ಥನೆಯ ಹೊತ್ತು, ಶುರು. ಮನೆಮನೆಯಲ್ಲೂ ಹಾಡು, ಪ್ರಾರ್ಥನೆ. ದಾರಿಯಲ್ಲಿ ಒಂದು ನರಪಿಳ್ಳೆಯೂ ಓಡಾಡುವಂತಿಲ್ಲ. ಊರ ಯುವಕರು ರಸ್ತೆಯುದ್ದಕ್ಕೂ ಕೈಕಟ್ಟಿ ಕಾವಲು ನಿಲ್ಲುತ್ತಾರೆ. ಮೂರನೆಯ ಗಂಟೆ ಬಿದ್ದರೆ ದಾರಿ ಬಿಟ್ಟಂತೆ. ಎರಡಕ್ಕೂ ಮೂರಕ್ಕೂ ನಡುವೆ ಅನ್ನ ಬೇಯುವಷ್ಟು ಹೊತ್ತೂ ಇರುವುದಿಲ್ಲ.

ಹೋದ ವರ್ಷದ ಒಂದು ಸಂಜೆ ಮೂರನೆಯ ಗಂಟೆ ಬೀಳಲಿಲ್ಲ. ಪಕ್ಕದೂರಿನ ಶಾಲೆಯಿಂದ ಮನೆಗೆ ಹೊರಟಿದ್ದ ನಾನು ಊರ ಬಾಯಲ್ಲಿ ನಿಂತ ಬಸ್ಸಿನೊಳಗೆ ಸಿಕ್ಕಿಬಿದ್ದಿದ್ದೆ.

ಅದಕ್ಕೆ ಎರಡು ದಿನ ಮೊದಲು ಫುವಾಟಿನೊ ಅವರ ಮಗಳು ರುತಾ ಗಂಡುಮಗು ಹೆತ್ತಿದ್ದಳು. ಕುಡಿಸಿದ ಹಾಲೆಲ್ಲ ನೊರೆಯಾಗಿ ಮೂಗು ಬಾಯಲ್ಲಿ ವಾಪಸು ಬರುತ್ತಿತ್ತು, ಮಗು ನೀಲಿಗಟ್ಟುತ್ತಿತ್ತು. ಅನ್ನನಾಳ ಹೊಟ್ಟೆಗೆ ಕೂಡಿಯೇ ಇಲ್ಲ ಎಂದರು ಡಾಕ್ಟರು. ರುತಾ ಮತ್ತು ಅವಳ ಗಂಡ ಮಗುವನ್ನು ಹಡಗಿನಲ್ಲಿ ರಾಜಧಾನಿ ಅಪಿಯಾಕ್ಕೆ ಕೊಂಡೊಯ್ದರು. ಹೊರದೇಶದಿಂದ ಬಂದಿದ್ದ ಮಕ್ಕಳ ಸರ್ಜನ್ ಒಬ್ಬರು ಎದೆ ತೆರೆದು ಜೋಡಿಸಿ ನೋಡುತ್ತೇನೆ, ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು.

ಇದು ಆ ಮನೆಗೆ ಹೊಸದಲ್ಲ. ಫುವಾಟಿನೊ ಅವರ ಚೊಚ್ಚಲ ಮಗನಿಗೂ ಹಾಲು ಒಳಗಿಳಿದಿರಲಿಲ್ಲ. ಆಗ ಕೊಯ್ದು ಜೋಡಿಸುವವರು ಯಾರೂ ಇರಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಸಾಮಾನು ಹೊರುವ ಕೆಲಸಕ್ಕಿದ್ದ ಎಟುವಾಟಿ ತಮ್ಮ ಮಗನ ಹಾಸಿಗೆಗೆ ತಾವೇ ಆಕ್ಸಿಜನ್ ಹೊತ್ತು ತಂದರು. ಮೆಟ್ಟಿಲ ಮೇಲೆ ಕೈಜಾರಿ ಸಿಲಿಂಡರಿನ ಭುಜ ನೆಗ್ಗಿತು. ಅದು ಖಾಲಿಯಾಗುವ ಮೊದಲೇ ಮಗು ಹೋಯಿತು, ಹೆಸರೂ ಇಟ್ಟಿರಲಿಲ್ಲ. ಎಷ್ಟೋ ಕಾಲದ ಮೇಲೆ ಆಸ್ಪತ್ರೆಯವರು ಎಸೆದ ಸಿಲಿಂಡರನ್ನು ಊರಿನವರು ಗಂಟೆಗೆಂದು ಕೇಳಿ ತಂದಾಗ, ಗಂಡ ಹೆಂಡತಿ ಇಬ್ಬರೂ ಮೊದಲು ನೋಡಿದ್ದು ಆ ನೆಗ್ಗನ್ನು. ಇಬ್ಬರೂ ಯಾರಿಗೂ ಹೇಳಲಿಲ್ಲ. ನನಗೆ ಈಗ ಹೇಳಿದರು. ಕೇಳಿದ ಮೇಲೆ ಆ ಮರದ ಕೆಳಗೆ ಒಬ್ಬನೇ ನಿಲ್ಲಲು ನನಗೆ ಮನಸ್ಸಾಗುತ್ತಿಲ್ಲ.

"ಅವನು ಹೋದ ಮೇಲೆ ನಾನು ದೇವರ ಹತ್ರ ಕೇಳೋದು ಬಿಟ್ಟಿದ್ದೆ," ಎನ್ನುತ್ತಾರೆ ಫುವಾಟಿನೊ, ಕುಡಿಯಲು ಕೋಕೋ ಕಾಯಿಸುತ್ತಾ. "ಚರ್ಚಿಗೆ ಹೋಗ್ತಿದ್ದೆ, ಹಾಡ್ತಿದ್ದೆ, ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳ್ತಿದ್ದೆ. ಇದು ಬೇಕು ಅಂತ ಮಾತ್ರ ಕೇಳ್ತಿರ್ಲಿಲ್ಲ."

"ಹಟಮಾರಿ," ಎಂದರು ಎಟುವಾಟಿ ಚಾಪೆಯ ಮೇಲಿಂದ. "ದೇವರ ಮೇಲೇ ಮುನಿಸ್ಕೊಂಡಿದ್ಲು. ನಾನು ಯಾವ ಲೆಕ್ಕ?"

"ನಿಮ್ಮ ಮೇಲೆ ಮುನಿಸ್ಕೊಂಡ್ರೆ ಅಡುಗೆ ಯಾರು ಮಾಡ್ತಾರೆ, ಸುಮ್ನಿರಿ."

ಆ ಸಂಜೆ ಅಳಿಯ ಫೋನು ಮಾಡಿ ಮಗುವನ್ನು ಆಪರೇಷನ್ನಿಗೆ ಒಳಗೆ ತೆಗೆದುಕೊಂಡರು ಎಂದ. ಫುವಾಟಿನೊ ಹೋಗಿ ಮೊದಲ ಗಂಟೆ ಹೊಡೆದರು, ಎರಡನೆಯದೂ ಹೊಡೆದರು. ಮನೆಗೆ ಬಂದು ಕೂತರು. ಬೆಳಗಿನಿಂದ ಆ ಮನೆಯಲ್ಲಿ ಯಾರೂ ಒಂದು ತುತ್ತು ತಿಂದಿರಲಿಲ್ಲ, ಉಪವಾಸ. ಹಾಡಾಯಿತು. ಎಟುವಾಟಿ ಪ್ರಾರ್ಥನೆ ಶುರು ಮಾಡಿದರು. ಆಮೆನ್ ಹತ್ತಿರ ಬಂದಾಗ ಫುವಾಟಿನೊ ಗಂಡನ ಮೊಣಕಾಲು ಒತ್ತಿ ಹಿಡಿದರು.

"ಮುಗಿಸ್ಬೇಡಿ ಅಂದೆ. ನಾನೂ ಆವತ್ತು ಕೇಳ್ದೆ. ಇವನನ್ನ ಬಿಟ್ಬಿಡು ಅಂತ ಬಾಯ್ಬಿಟ್ಟು ಕೇಳ್ದೆ. ಆಮೇಲೆ ತಲೇಲಿ ಒಂದು ಬಂತು ಮೇಷ್ಟ್ರೇ. ಸಾ ಹೊತ್ತಲ್ಲಿ ದಾರೀಲಿ ಯಾರೂ ಓಡಾಡೋ ಹಾಗಿಲ್ಲ ಅಲ್ವಾ? ಹಾಗಾದ್ರೆ ಸಾವೂ ಓಡಾಡೋ ಹಾಗಿಲ್ಲ. ಮೂರನೇದು ನಾನು ಹೊಡೆದ್ರೆ ತಾನೇ ಅದಕ್ಕೆ ದಾರಿ? ಎದ್ದು ಹೋಗೋಕೆ ಕಾಲೇ ಬರ್ಲಿಲ್ಲ."

ಹೊರಗೆ ನಮಗೆ ಇದೇನೂ ಗೊತ್ತಿಲ್ಲ. ಒಂದೊಂದೇ ಮನೆಯ ಹಾಡು ನಿಂತಿತು. ಗಂಟೆ ಬೀಳಲಿಲ್ಲವಾದ್ದರಿಂದ ಯಾರೂ ಏಳಲಿಲ್ಲ. ಗೋಡೆಯಿಲ್ಲದ ಮನೆಗಳಲ್ಲಿ ಇಡೀ ಊರು ತಲೆ ಬಗ್ಗಿಸಿ ಕೂತಿರುವುದು ಬಸ್ಸಿನಿಂದ ಕಾಣುತ್ತಿತ್ತು. ಕತ್ತಲು ಇಳಿಯಿತು, ದೀಪ ಹಚ್ಚಲೂ ಯಾರೂ ಕೈ ಚಾಚಲಿಲ್ಲ. ಆಮೇಲೆ ನಾಯಿಗಳು ಬೊಗಳುವುದನ್ನು ಬಿಟ್ಟವು. ಹಸಿದ ಹಂದಿಗಳೂ ಗುಟುರು ಹಾಕಲಿಲ್ಲ. ದೂರದ ಹವಳದ ದಿಬ್ಬಕ್ಕೆ ಅಲೆ ಬಡಿಯುವುದೊಂದೇ ಸದ್ದು. "ಈ ಊರಿಗೇನು ದೊಡ್ಡ ರೋಗ ಬಂದಿದೆ?" ಎಂದು ಡ್ರೈವರ್ ಗೊಣಗಿದವನು, ತನ್ನ ದನಿ ತನಗೇ ಜೋರಾಗಿ ಕೇಳಿಸಿ ಬಾಯಿ ಮುಚ್ಚಿಕೊಂಡ. ನನ್ನ ಪಕ್ಕದ ಮುದುಕಿ ನನ್ನ ತೋಳು ಹಿಡಿದುಕೊಂಡಳು. ನನಗೂ ಬೇಕಾಗಿತ್ತು, ಬಿಡಿಸಿಕೊಳ್ಳಲಿಲ್ಲ.

ಆಗ ಗಂಟೆ ಬಿತ್ತು. ಒಂದೇ ಒಂದು ಸಲ, ಮೆತ್ತಗೆ. ಸರಳಿನ ಪೆಟ್ಟಿನ ಸದ್ದಲ್ಲ ಅದು. ಒಳಗಿನಿಂದ ಯಾರೋ ಉಸಿರು ಬಿಟ್ಟಂತೆ ಶುರುವಾಗಿ, ಬಹಳ ಹೊತ್ತು ನಿಂತು, ಹೋಯಿತು. ಕಾವಲು ನಿಂತಿದ್ದ ಯುವಕರು ತಿರುಗಿ ನೋಡಿದರು.

"ನಾನು ಮರದ ಕಡೇನೇ ಮುಖ ಮಾಡ್ಕೊಂಡು ನಿಂತಿದ್ದೆ," ಎಂದು ಅವರಲ್ಲೊಬ್ಬನಾದ ಟವಿಟಾ ಈಗಲೂ ಹೇಳುತ್ತಾನೆ. "ಅಲ್ಲಿ ಯಾರೂ ಇರ್ಲಿಲ್ಲ ಸಾರ್. ಸರಳು ಬೇರಿನ ಹತ್ರ ನೆಲದ ಮೇಲೇ ಬಿದ್ದಿತ್ತು. ಎಲೆ ಅಲುಗೋಷ್ಟು ಗಾಳೀನೂ ಇರ್ಲಿಲ್ಲ."

ದಾರಿ ಬಿಟ್ಟಿತ್ತು, ಆದರೂ ಒಬ್ಬರೂ ದಾರಿಗಿಳಿಯಲಿಲ್ಲ. ಮನೆಯಲ್ಲಿ ಫುವಾಟಿನೊ ಅವರಿಗೂ ಆ ಗಂಟೆ ಕೇಳಿಸಿತ್ತು. "ಹೋಯ್ತು ಅಂದ್ಕೊಂಡೆ. ಯಾರೋ ದಾರಿ ಬಿಟ್ಟುಬಿಟ್ರು, ಸಾವು ಹೊರಟೇಬಿಡ್ತು ಅಂತ." ಎಟುವಾಟಿ ಅವರ ಕೈ ಹಿಡಿದು, "ಬದುಕಿದ್ರೂ ನಿನ್ನವನು, ಹೋದ್ರೂ ನಿನ್ನವನು" ಎಂದು ದೇವರಿಗೆ ಹೇಳಿ ಆಮೆನ್ ಅಂದರು. ಅಷ್ಟು ಹೇಳಲು ತಮಗೆ ಎದೆ ಒಡೆಯಿತು ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಫೋನು ಬಂತು. ಆ ಕಡೆ ರುತಾ ಅಳುತ್ತಿದ್ದಳು. "ಅಮ್ಮಾ, ಹೊಲಿಗೆ ಹಾಕಿ ಮುಗಿಸಿದ್ರು. ಉಸಿರಾಡ್ತಾ ಇದಾನೆ."

ಮಗುವಿನ ಹೆಸರು ಇಸಾಕೊ. ಈಗ ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತುತ್ತಾನೆ, ಬೇಯಿಸಿ ಕಿವುಚಿದ ಕೆಸುವಿನ ಗಡ್ಡೆಯನ್ನು ಎರಡೂ ಕೈಯಲ್ಲಿ ಬಾಯಿಗೆ ತುರುಕಿಕೊಳ್ಳುತ್ತಾನೆ. ಬೆನ್ನಿನ ಬಲಗಡೆ ಹೊಲಿಗೆಯ ಗೆರೆಯಿದೆ. ಅವನು ನುಂಗುವುದನ್ನು ಅಜ್ಜಿ ಪ್ರತಿ ಸಲವೂ ಗಮನವಿಟ್ಟು ನೋಡುತ್ತಾರೆ.

ಬಿಸಿಲಿಗೆ ಕಾದ ಕಬ್ಬಿಣ ತಣ್ಣಗಾಗುವಾಗ ಸದ್ದು ಮಾಡುತ್ತದೆ ಎಂದು ಪಾದ್ರಿಗಳು ವಿವರಿಸಿದರು. ನಾನೂ ಹಾಗೇ ನಂಬಿದ್ದೇನೆ, ಹಗಲು ಹೊತ್ತಿನಲ್ಲಿ. ಊರಿನ ಸಭೆಗೆ ಮಾತ್ರ ಈ ವಿವರಣೆ ಸಾಲಲಿಲ್ಲ. ತಾನಾಗಿ ಬಡಿದುಕೊಳ್ಳುವ ಗಂಟೆಯ ಕೆಳಗೆ ಓಡಾಡಲು ಜನ ಹೆದರುತ್ತಿದ್ದರು. ಮುಖಂಡರು ಫುವಾಟಿನೊ ಅವರನ್ನು ಕರೆಸಿ, ತಡವಾಗಿಯಾದರೂ ಮೂರನೆಯದನ್ನು ನಾನೇ ಹೊಡೆದೆ ಎಂದು ಹೇಳಿಬಿಡಿ, ದಂಡವೂ ಬೇಡ, ಇಲ್ಲಿಗೇ ಮುಗಿಸೋಣ ಎಂದರು. ಇಲ್ಲವಾದರೆ ದಂಡವೂ ಬೀಳುತ್ತದೆ, ಸರಳೂ ಬೇರೆಯವರ ಕೈಗೆ ಹೋಗುತ್ತದೆ ಎಂದರು. ಫುವಾಟಿನೊ ಒಪ್ಪಲಿಲ್ಲ. ಸಾಕಿದ ದೊಡ್ಡ ಹಂದಿಯನ್ನು ದಂಡವಾಗಿ ಕೊಟ್ಟರು. ಸರಳು ಮೂರು ಮನೆ ಸುತ್ತಿತು. ಸಂಜೆ ಆ ಮರದ ಕೆಳಗೆ ನಿಲ್ಲುವ ಧೈರ್ಯ ಯಾರಿಗೂ ಆಗದೆ ಇವರ ಕೈಗೇ ವಾಪಸು ಬಂತು.

ಹೊರಡುವಾಗ ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ಫುವಾಟಿನೊ ಮೊಮ್ಮಗನ ಬಾಯಿ ಒರೆಸಿದರು.

"ಸರಳು ನನ್ನ ಕೈಲಿದ್ದಷ್ಟು ಕಾಲ ಈ ಊರಲ್ಲಿ ಬಿದ್ದ ಗಂಟೆಯೆಲ್ಲ ನಾನು ಹೊಡೆದದ್ದು ಅಂತ ಬರೀರಿ. ಅದೊಂದು ಬಿಟ್ಟು. ಅದು ನನ್ನ ಚೊಚ್ಚಲ ಮಗ ಮಾಡಿದ ಕೆಲಸ, ತಾನು ಸಿಲಿಂಡರಲ್ಲಿ ಬಿಟ್ಟುಹೋದ ಉಸಿರನ್ನ ಇವನಿಗೆ ಕೊಟ್ಟ. ಅವನು ಮಾಡಿದ್ದು ಅದೊಂದೇ, ಅದನ್ನೂ ನಾನು ನನ್ನ ಹೆಸರಿಗೆ ಹಾಕ್ಕೊಳ್ಳಲಾ?"