ಮೇಲಕ್ಕೇಳುವ ಬಾಗಿಲು

ನಾನು ಮದುವೆಯಾಗಿ ಉಮ್ಮತ್ತೂರಿನಿಂದ ಗುಂಡ್ಲುಪೇಟೆಗೆ ಬಂದ ವರ್ಷವೇ ನಮ್ಮ ಮಾವನವರು ಕಾರು ಕೊಂಡರು. ಐವತ್ತರ ದಶಕದ ನಡುವಿನ ಮಾತು. ಮೈಸೂರಿನ ವಕೀಲರೊಬ್ಬರು ವರ್ಷಗಟ್ಟಲೆ ಓಡಿಸಿ ಮಾರಿದ ಕಪ್ಪು ಕಾರು. ಮಾವನವರಿಗೆ ಓಡಿಸಲು ಬರುತ್ತಿರಲಿಲ್ಲ. ಓಡಿಸುತ್ತಿದ್ದವರು ನನ್ನ ಗಂಡ. ತಂದೆ ಮಗ ಇಬ್ಬರದೂ ಕಡಲೆಕಾಯಿ ವ್ಯಾಪಾರ. ವಾರದಲ್ಲಿ ಮೂರು ನಾಲ್ಕು ದಿನ ಚಾಮರಾಜನಗರಕ್ಕೋ ಹಳ್ಳಿಗಳಿಗೋ ಹೋಗಿಬರಬೇಕಿತ್ತು.

ಕಾರು ನಿಲ್ಲಿಸಲು ಮನೆಗೆ ಅಂಟಿಕೊಂಡಿದ್ದ ಗಾಡಿ ಕೊಟ್ಟಿಗೆಯೇ ಸಾಕಾಯಿತು. ತೊಡಕಾದದ್ದು ಬಾಗಿಲಿನ ವಿಷಯ. ಬೀದಿ ಕಿರಿದು. ಎರಡು ಕದದ ಬಾಗಿಲು ಹೊರಕ್ಕೆ ತೆರೆದರೆ ಹೋಗಿಬರುವ ಗಾಡಿಗಳಿಗೆ ತಾಗುತ್ತಿತ್ತು, ಒಳಕ್ಕೆ ತೆರೆದರೆ ಕಾರಿನ ಮೂತಿಗೆ. ಮಾವನವರು ಚಾಮರಾಜನಗರದಿಂದ ಒಬ್ಬ ಸಾಬರನ್ನು ಕರೆಸಿದರು. ಗಾಡಿ ಚಕ್ರದ ಪಟ್ಟಿ, ಬಾವಿಯ ರಾಟೆ, ಕಬ್ಬಿಣದ ಗೇಟು ಎಲ್ಲ ಮಾಡುತ್ತಿದ್ದ ಕಸುಬುದಾರರು. ವಯಸ್ಸು ಐವತ್ತು ದಾಟಿತ್ತು. ಅಳತೆ ಹಿಡಿದ ಮೇಲೆ ಬೀದಿಗಿಳಿದು ಬಹಳ ಹೊತ್ತು ಗೋಡೆಯನ್ನೇ ನೋಡುತ್ತ ನಿಂತರು.

“ಪಕ್ಕಕ್ಕೆ ಜರುಗೋ ಬಾಗ್ಲು ಮಾಡ್ಬುಡನ ಯಜಮಾನ್ರೇ. ಕೆಳಗೆ ಗಾಲಿ, ನೆಲಕ್ಕೆ ಒಂದು ಕಂಬಿ. ತಳ್ಳಿದ್ರೆ ಓಯ್ತದೆ. ಈ ಜಗಲಿ ಮಾತ್ರ ಅಡ್ಡ ಬತ್ತದೆ, ಅರ್ಧ ಒಡೀಬೇಕು.”

ಆ ಜಗಲಿ ಮಾವನವರ ಜಾಗ. ಸಂಜೆ ಅಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ಬೀದಿಯವರನ್ನೆಲ್ಲ ಮಾತಾಡಿಸುತ್ತಿದ್ದರು.

“ಜಗಲಿ ಮುಟ್ಟಂಗಿಲ್ಲ,” ಅಂದರು. “ಮೈಸೂರಲ್ಲಿ ಒಂದು ಬಂಗ್ಲೇಲಿ ನೋಡಿವ್ನಿ, ಬಾಗ್ಲು ಸೀದಾ ಮ್ಯಾಕ್ಕೆ ಓಯ್ತದೆ. ಅಂಥದ್ನೇ ಮಾಡಿ.”

“ಮ್ಯಾಕ್ಕೆ ಓಗೋದು ಕೆಳಕ್ಕೂ ಬತ್ತದೆ ಯಜಮಾನ್ರೇ. ರಾಟೆ ಅಗ್ಗದ ಮ್ಯಾಲೆ ನಿಂತಿರೋ ಬಾಗ್ಲು ಅದು.”

“ಒಳ್ಳೆ ಅಗ್ಗ ಹಾಕಿ.”

ಹದಿನೈದು ದಿನದಲ್ಲಿ ಬಾಗಿಲು ನಿಂತಿತು. ಹಲಗೆಗಳನ್ನು ಜೋಡಿಸಿದ ಒಂದೇ ಕದ. ಎರಡೂ ಕಡೆ ಕಬ್ಬಿಣದ ಜಾಡಿನೊಳಗೆ ಅದು ಮೇಲೆ ಕೆಳಗೆ ಜಾರುತ್ತಿತ್ತು. ಬಾಗಿಲಿಗೆ ಕಟ್ಟಿದ ಹಗ್ಗ ತೊಲೆಯ ಮೇಲಿನ ರಾಟೆಗಳನ್ನು ದಾಟಿ ಒಳಗಿನ ಗೋಡೆಯ ಪಕ್ಕಕ್ಕೆ ಇಳಿಯುತ್ತಿತ್ತು. ಅದರ ತುದಿಗೆ ಕಲ್ಲು ತುಂಬಿದ ಒಂದು ಪೆಟ್ಟಿಗೆ. ಪೆಟ್ಟಿಗೆಯನ್ನು ಕೆಳಕ್ಕೆ ಎಳೆದರೆ ಬಾಗಿಲು ಮೇಲಕ್ಕೇಳುತ್ತಿತ್ತು. ಆಮೇಲೆ ಹಗ್ಗವನ್ನು ಗೋಡೆಯ ಕೊಕ್ಕೆಗೆ ಸುತ್ತಬೇಕು. ಮೊದಲ ದಿನ ಬೀದಿಯವರೆಲ್ಲ ನೋಡಲು ಬಂದಿದ್ದರು. ಮಾವನವರು ಹತ್ತು ಸಲವಾದರೂ ಏರಿಸಿ ಇಳಿಸಿ ತೋರಿಸಿದರು. ಸಾಬರು ಹೊರಡುವಾಗ, “ಅಗ್ಗಾನ ವರ್ಸಕ್ಕೊಂದ್ಸಲ ಬದಲಾಯ್ಸಿ,” ಎಂದು ಹೇಳಿಹೋದರು.

ಮರುದಿನದಿಂದ ಬಾಗಿಲು ನನ್ನ ಪಾಲಿಗೆ ಬಂತು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಹಗ್ಗ ಒಳಗಿತ್ತು, ಗಂಡಸರು ಹೊರಗೆ ಕಾರಿನಲ್ಲಿರುತ್ತಿದ್ದರು, ಅತ್ತೆಗೆ ಉಬ್ಬಸ. ಕಾರು ಹೊರಟ ಮೇಲೆ ಇಳಿಸಬೇಕು. ಮರಳಿ ಬಂದು ಹಾರ್ನ್ ಹೊಡೆದ ತಕ್ಷಣ ನಡುಮನೆಯ ಸಣ್ಣ ಬಾಗಿಲಿನಿಂದ ಕೊಟ್ಟಿಗೆಗೆ ಓಡಿಹೋಗಿ ಎತ್ತಬೇಕು. ಕಾರು ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಿರುತ್ತಿರಲಿಲ್ಲ. ಹಾಗಾಗಿ ಕಾರು ಹೊರಗಿದ್ದಷ್ಟು ಹೊತ್ತೂ ನಾನು ಮನೆಯಲ್ಲೇ ಇರಬೇಕಿತ್ತು.

ಕೆಲಸವನ್ನು ಚೆನ್ನಾಗಿಯೇ ಕಲಿತೆ. ಮಳೆಗಾಲದಲ್ಲಿ ಹಲಗೆ ನೀರು ಕುಡಿದು ಭಾರವಾಗುತ್ತಿತ್ತು. ಆಗ ಪೆಟ್ಟಿಗೆಗೆ ಮೂರು ಕಲ್ಲು ಹೆಚ್ಚಿಗೆ ಹಾಕುತ್ತಿದ್ದೆ. ಬೇಸಿಗೆಯಲ್ಲಿ ತೆಗೆಯುತ್ತಿದ್ದೆ. ತಿಂಗಳಿಗೊಮ್ಮೆ ಏಣಿ ಹತ್ತಿ ರಾಟೆಗೆ ಹರಳೆಣ್ಣೆ ಬಿಡುತ್ತಿದ್ದೆ. ಎಣ್ಣೆ ಒಣಗಿದ್ದು ಸದ್ದಿನಲ್ಲೇ ತಿಳಿಯುತ್ತಿತ್ತು. ಅಂಗೈ ದಪ್ಪವಾಯಿತು. ಮೂರು ವರ್ಷದಲ್ಲಿ ತವರಿಗೆ ಎರಡೇ ಸಲ ಹೋದೆ. ಎರಡು ಸಲವೂ ಕಾರು ಕೆಟ್ಟು ರಿಪೇರಿಗೆಂದು ಮೈಸೂರಿಗೆ ಹೋಗಿತ್ತು. ತಂಗಿಯ ಮಗುವಿಗೆ ತೊಟ್ಟಿಲು ಹಾಕಿದಾಗ ಕಾರು ಸರಿಯಾಗಿತ್ತು, ನಾನು ಹೋಗಲಿಲ್ಲ. ಆಗ ಸ್ವಲ್ಪ ಅತ್ತಿರಬೇಕು. ಈಗ ನೆನಪಿಲ್ಲ.

ಮೊದಲನೆಯ ವರ್ಷ ಮುಗಿದಾಗ ಸಾಬರೇ ನೆನಪಿಟ್ಟುಕೊಂಡು ಬಂದು ಹಗ್ಗ ಬದಲಾಯಿಸಿದರು. ಆಮೇಲೆ ಬದಲಾಯಿಸಲಿಲ್ಲ. ಹಗ್ಗದ ಎಳೆಗಳು ರಾಟೆಯ ಹತ್ತಿರ ಬಿಚ್ಚಿಕೊಂಡದ್ದನ್ನು ನಾನು ಮಾವನವರಿಗೆ ಎರಡು ಸಲ ಹೇಳಿದೆ. ಚಾಮರಾಜನಗರಕ್ಕೆ ಹೋದಾಗ ತರುತ್ತೇನೆ ಎಂದರು. ಹೋದರು, ಮರೆತು ಬಂದರು.

ಮಳೆಗಾಲದ ಒಂದು ಮಧ್ಯಾಹ್ನ ಹಾರ್ನ್ ಕೇಳಿತು. ಬಾಗಿಲು ಎತ್ತಿದೆ. ಕಾರಿನ ಮೂತಿ ಒಳಗೆ ಬರುತ್ತಿರುವಾಗಲೇ ಹಗ್ಗ ಹರಿಯಿತು. ಬಾಗಿಲು ಕಾರಿನ ಬಾನೆಟ್ಟಿನ ಮೇಲೆ ಬಿತ್ತು, ಮೊಣಕಾಲೆತ್ತರದಲ್ಲಿ ತೂಗುತ್ತಿದ್ದ ಕಲ್ಲಿನ ಪೆಟ್ಟಿಗೆ ನನ್ನ ಎಡಗಾಲ ಮೇಲೆ. ನೋವಿಗಿಂತ ಮೊದಲು ದೀಪದ ಗಾಜು ಒಡೆದ ಸದ್ದು ಕೇಳಿದ್ದು ನೆನಪಿದೆ. ಬಾಗಿಲು ಅಡ್ಡಲಾಗಿದ್ದರಿಂದ ನನ್ನ ಗಂಡನಿಗೆ ಬೀದಿಯಿಂದ ಒಳಗೆ ಬರಲಾಗಲಿಲ್ಲ. ಮುಂಬಾಗಿಲಿನಿಂದ ಸುತ್ತಿ ಓಡಿಬಂದು ಕಲ್ಲುಗಳನ್ನು ಒಂದೊಂದಾಗಿ ತೆಗೆದರು. “ಏನೂ ಆಗಿಲ್ಲ ಕಣ, ಏನೂ ಆಗಿಲ್ಲ,” ಎನ್ನುತ್ತಲೇ ಇದ್ದರು. ಪಾದದ ಮೂಳೆ ಮುರಿದಿತ್ತು. ಡಾಕ್ಟರು ಬಂದು ಕಟ್ಟು ಹಾಕಿ, ಒಂದೂವರೆ ತಿಂಗಳು ಕಾಲು ಊರಬಾರದು ಎಂದರು.

ಬಾಗಿಲಿಗೆ ಹೊಸ ಹಗ್ಗ ಬಂತು. ಎತ್ತುವವರು ಯಾರು ಎಂಬ ಪ್ರಶ್ನೆಯೂ ಬಂತು. ಮಾವನವರು ಕಡಲೆಕಾಯಿ ಮಂಡಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲಿ ಕೂತರು. ನನ್ನ ಗಂಡ ಹನ್ನೊಂದಕ್ಕೆ ಬರುತ್ತೇನೆಂದು ಹೋಗಿ ಮೂರಕ್ಕೆ ಬರುತ್ತಿದ್ದರು. ಮಾವನವರು ಸ್ನಾನಕ್ಕೆ ನೀರು ತೋಡಿಕೊಂಡಾಗಲೇ ಹಾರ್ನ್ ಕೇಳುತ್ತಿತ್ತು. ನಾಲ್ಕನೆಯ ದಿನ ಅವರು ತಾಳ್ಮೆ ಕೆಟ್ಟು ಕೂಗಾಡಿದರು:

“ಎಷ್ಟೊತ್ತು ಅಂತ ಕಾಯದು? ನನಗೇನು ಬ್ಯಾರೆ ಕೆಲಸ ಇಲ್ವಾ?”

ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ತಲೆ ಎತ್ತಲಿಲ್ಲ. “ನಾಕ್ ದಿನಕ್ಕೇ ಇಂಗಾದ್ರೆ ಎಂಗೆ? ಅವ್ಳು ಮೂರ್ ವರ್ಸ ಕಾದವ್ಳೆ,” ಎಂದರು.

ಮಾವನವರು ನನ್ನ ಕಡೆ ನೋಡಿದರು. ನಾನು ಕಾಲು ಚಾಚಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದೆ. ಅವರು ಎದ್ದು ಜಗಲಿಗೆ ಹೋದರು. ಮರುದಿನ ಸಾಬರಿಗೆ ಹೇಳಿಕಳಿಸಿದರು.

ಸಾಬರು ಬಂದವರು ಮೊದಲು ಬಾಗಿಲು ನೋಡಲಿಲ್ಲ. ನಡುಮನೆಯ ಹೊಸ್ತಿಲ ಹೊರಗೆ ನಿಂತು ನನ್ನ ಕಾಲಿನ ಕಟ್ಟು ನೋಡಿದರು. “ನಾನು ಮಾಡಿದ ಸಾಮಾನು ತಾಯಿ. ಆವತ್ತೇ ಒಲ್ಲೆ ಅಂದ್ಬುಡ್ಬೇಕಾಗಿತ್ತು,” ಎಂದರು. ಆಮೇಲೆ ಮಾವನವರು ಎಂಥ ಬಾಗಿಲು ಮಾಡಬಹುದೆಂದು ಶುರುಮಾಡಿದಾಗ, ನಡುವೆ ಬಾಯಿ ಹಾಕಿ, “ತಪ್ಪು ತಿಳೀಬ್ಯಾಡಿ ಯಜಮಾನ್ರೇ. ತಗಿಯೋದು ಆಕೋದು ಆ ತಾಯಿ. ಅವ್ರುನ್ನೇ ಕೇಳನ,” ಎಂದರು.

ಆ ಮನೆಯಲ್ಲಿ ಅಲ್ಲಿಯವರೆಗೆ ನನ್ನನ್ನು ಯಾರೂ ಏನು ಬೇಕು ಎಂದು ಕೇಳಿರಲಿಲ್ಲ. ಕೆಟ್ಟವರೆಂದಲ್ಲ, ಕೇಳುವ ರೂಢಿ ಇರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ಮೊರ ಕೆಳಗಿಟ್ಟು, “ಹೇಳವ್ವ,” ಎಂದರು.

“ಹೊರಗಿಂದ ಬೀಗ ಹಾಕೋ ಬಾಗ್ಲು ಬೇಕು,” ಎಂದೆ. “ಯಾರು ಕಾರಲ್ಲಿ ಬತ್ತಾರೋ ಅವ್ರೇ ತಕ್ಕೊಳ್ಳೋ ಹಂಗಿರ್ಲಿ.”

“ಅಂದ್ರೆ ಪಕ್ಕಕ್ಕೆ ಜರುಗೋದೇ,” ಎಂದರು ಸಾಬರು. ಜಗಲಿಯ ಹೆಸರನ್ನು ಅವರು ಎತ್ತಲಿಲ್ಲ.

“ಒಡ್ದಾಕಿ,” ಎಂದರು ಮಾವನವರು. “ಅರ್ಧ ಸಾಕಲ್ಲ? ಒಬ್ಬ ಕೂರೋವಷ್ಟು ಉಳಿಸಿ.”

ಒಬ್ಬರು ಕೂರುವಷ್ಟು ಉಳಿಯಿತು. ಹಳೆಯ ಹಲಗೆಗಳನ್ನೇ ಹೊಸ ಚೌಕಟ್ಟಿಗೆ ಹಾಕಿದರು. ಆ ಬಾಗಿಲಿಗೂ ಅದರದೇ ಆರೈಕೆ ಬೇಕಿತ್ತು. ಕಂಬಿಯಲ್ಲಿ ಮಣ್ಣು ತುಂಬಿಕೊಂಡರೆ ಗಾಲಿ ಸಿಕ್ಕಿಕೊಳ್ಳುತ್ತಿತ್ತು, ದಿನವೂ ಗುಡಿಸಬೇಕಿತ್ತು. ಅದನ್ನು ಗುಡಿಸುತ್ತಿದ್ದವಳೂ ನಾನೇ. ಆದರೆ ಗುಡಿಸುವ ಹೊತ್ತು ನನ್ನ ಇಷ್ಟದ್ದಾಗಿತ್ತು. ಬೀಗದ ಕೈ ನನ್ನ ಗಂಡನ ಜೇಬಿನಲ್ಲಿತ್ತು. ಮೊದಮೊದಲು ಅವರು ಅಭ್ಯಾಸ ಬಲದಿಂದ ಹಾರ್ನ್ ಹೊಡೆದು, ಆಮೇಲೆ ತಾವೇ ಇಳಿಯುತ್ತಿದ್ದರು.

ಕಾಲು ಸರಿಹೋದ ಮೇಲೆ ನಾನು ಉಮ್ಮತ್ತೂರಿಗೆ ಹೋದೆ. ಹತ್ತು ದಿನ ಇದ್ದೆ. ತಂಗಿಯ ಮಗು ಆಗಲೇ ಓಡಾಡುತ್ತಿತ್ತು. ಹೊಸಬಳೆಂದು ಎರಡು ದಿನ ನನ್ನ ಹತ್ತಿರ ಬರಲಿಲ್ಲ. ಮೂರನೆಯ ದಿನ ಬಂತು. ಅವ್ವ ನನ್ನ ಅಂಗೈ ಹಿಡಿದು ನೋಡಿ, ಕೊಬ್ಬರಿ ಎಣ್ಣೆ ತಿಕ್ಕಿದಳು.

ಮರಳಿ ಬಂದಾಗ ನನ್ನ ಗಂಡ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿಗೆ ಕಾರು ತಂದಿದ್ದರು. ಬಾನೆಟ್ಟಿನ ತಗ್ಗು ಹಾಗೇ ಇತ್ತು. ಮನೆಯ ಮುಂದೆ ನಿಲ್ಲಿಸಿ, “ಕೂತಿರು,” ಎಂದು ಇಳಿದರು. ಬೀಗ ತೆಗೆದು, ಹೆಗಲು ಕೊಟ್ಟು ಬಾಗಿಲು ತಳ್ಳಿದರು. ಒಂದು ಕಡೆ ಸಿಕ್ಕಿಕೊಂಡಿತು, ಹತ್ತು ದಿನದಿಂದ ಕಂಬಿ ಗುಡಿಸಿರಲಿಲ್ಲ. ಮಾವನವರು ಉಳಿದ ಜಗಲಿಯ ಮೇಲೆ ಕೂತಿದ್ದರು.

“ಬಂದ್ಯಾವ್ವ?” ಎಂದರು. “ನಿಮ್ಮೂರ ಕಡೆ ಮಳೆ ಆಯ್ತಾ?”

“ಆಯ್ತು ಮಾವ,” ಎಂದೆ.