ಅಂಟಿಸಿದ ಕತ್ತಿಗೆ ಹಬ್ಬದ ಎಣ್ಣೆ

ಸರದ ಕೊಂಡಿ ಹಾಕಿಕೊಳ್ಳುವಾಗ ಕತ್ತಿನಲ್ಲಿ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಬರಬರುತ್ತಾ ಚಪಾತಿ ನುಂಗುವುದೂ ಕಷ್ಟವಾಯಿತು. ಥೈರಾಯ್ಡ್ ಗಂಟು ಎಂದರು ಜಯನಗರದ ಡಾಕ್ಟರು. ಕ್ಯಾನ್ಸರ್ ಅಲ್ಲ, ಆದರೂ ತೆಗೆಯಬೇಕು. ಬನಶಂಕರಿ ಅಮ್ಮನಿಗೆ ಕೈಮುಗಿದು ಒಪ್ಪಿಕೊಂಡೆ.

ನನ್ನ ಭಯವೆಲ್ಲ ಹೊಲಿಗೆಯದು. ಸಿಸೇರಿಯನ್ ಆದಾಗ ದಾರದ ಬದಲು ಹಾಕಿದ್ದ ಸ್ಟೇಪಲ್ ಪಿನ್ನುಗಳನ್ನು ಕೀಳುವಾಗ ಪಟ್ಟ ಪಾಡು ಮರೆತಿರಲಿಲ್ಲ.

"ಈ ಸಲ ಕೀಳೋದೇ ಇಲ್ಲ ಮೇಡಂ. ಒಳಗೆ ಕರಗೋ ದಾರ, ಮೇಲೆ ಗ್ಲೂ," ಎಂದರು ಡಾಕ್ಟರು.

"ಚಪ್ಪಲಿಗೆ ಹಾಕ್ತಾರಲ್ಲ, ಆ ಗಮ್ಮಾ ಸಾರ್?" ಎಂದು ನಮ್ಮ ಯಜಮಾನರು ಕೇಳಿದರು.

"ಅದರ ನೆಂಟನೇ ಅಂದ್ಕೊಳ್ಳಿ. ಆದ್ರೆ ಇದು ಚರ್ಮಕ್ಕೆ ಅಂತಾನೇ ಮಾಡಿದ್ದು."

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕತ್ತಿಗೆ ಅಡ್ಡಲಾಗಿ ತೆಳ್ಳನೆಯ ಗೆರೆ, ಅದರ ಮೇಲೆ ಒಣಗಿದ ಗಂಜಿಯಂತೆ ಹೊಳೆಯುವ ಪೊರೆ. ಕೆರೆಯಬಾರದು, ಮುಲಾಮು ಹಚ್ಚಬಾರದು, ತಾನೇ ಉದುರುತ್ತದೆ ಎಂದು ನರ್ಸ್ ಹೇಳಿ ಕಳಿಸಿದರು.

ಮನೆಗೆ ಬಂದ ವಾರದೊಳಗೇ ನರಕ ಚತುರ್ದಶಿ. ಬೆಳಿಗ್ಗೆ ಅತ್ತೆ ಬೆಚ್ಚಗಿನ ಎಣ್ಣೆಯ ಬಟ್ಟಲು ಹಿಡಿದು ಬಂದರು. "ಹಬ್ಬದ ದಿನ ನೆತ್ತಿಗೆ ಎಣ್ಣೆ ಬೀಳ್ದೇ ಇರಬಾರ್ದು ಕಣಮ್ಮ. ಕತ್ತು ಮುಟ್ಟಲ್ಲ." ಮುಲಾಮು ಬೇಡ ಎಂದಿದ್ದರೇ ಹೊರತು ಎಣ್ಣೆಯ ಮಾತು ಯಾರೂ ಎತ್ತಿರಲಿಲ್ಲ. ನಾನೂ ಸಂತೋಷದಿಂದಲೇ ಮಣೆಯ ಮೇಲೆ ಕುಳಿತೆ. ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಗೆರೆಯ ಮೇಲೆ ಹರಿಯಿತು. ಅತ್ತೆ ಗಾಬರಿಯಾಗಿ ಟವೆಲ್ಲಿನಿಂದ ಒರೆಸಿದರು. ಜಿಡ್ಡು ಹೋಗಲೆಂದು ಮತ್ತೂ ಒರೆಸಿದರು.

ಪೊರೆ ಟವೆಲ್ಲಿನ ಜೊತೆಗೇ ಎದ್ದು ಬಂತು.

ಗೆರೆಯ ಒಂದು ತುದಿ ಬಾಯಿ ಬಿಟ್ಟಿತ್ತು.

ಸೀರೆಯನ್ನೂ ಬದಲಿಸದೆ ಆಟೋ ಹತ್ತಿದ ಅತ್ತೆ ದಾರಿಯುದ್ದಕ್ಕೂ ಸ್ತೋತ್ರ ಹೇಳುತ್ತಿದ್ದರು. ಮತ್ತೆ ಥಿಯೇಟರಾ, ಮತ್ತೆ ಸೂಜಿಯಾ ಎಂಬುದೊಂದೇ ನನ್ನ ತಲೆಯಲ್ಲಿ.

"ಎಣ್ಣೆ ಬಿದ್ರೆ ಈ ಗ್ಲೂ ಬಿಟ್ಕೊಳ್ಳತ್ತೆ. ಯಾರು ಹಚ್ಚಿದ್ದು?" ಡಾಕ್ಟರು ಕೇಳಿದರು.

"ನಾನೇ ಕಣಪ್ಪ. ಬೈಯೋದಾದ್ರೆ ನನ್ನ ಬೈಯಿ, ಅವಳನ್ನಲ್ಲ," ಎಂದರು ಅತ್ತೆ.

ಡಾಕ್ಟರು ನಕ್ಕರು. "ಹಬ್ಬದ ದಿನ ಬೈಯಕ್ಕಾಗತ್ತಾ ಅಜ್ಜಿ? ಒಳಗಿನ ದಾರ ಗಟ್ಟಿಯಾಗಿದೆ. ಹೊಲಿಗೆ ಬೇಡ."

ಜಿಡ್ಡು ತೆಗೆದು, ಬಿಟ್ಟ ತುದಿಯನ್ನು ಕೂಡಿಸಿ, ಕಾಗದದಂಥ ಸಣ್ಣ ಪಟ್ಟಿಗಳನ್ನು ಅಡ್ಡಡ್ಡಲಾಗಿ ಅಂಟಿಸಿದರು.

ಈಗ ಪಟ್ಟಿಗಳು ಉದುರಿವೆ. ಗಾಯ ಕೂಡಿದೆ. ಆ ತುದಿಯಲ್ಲಿ ಮಾತ್ರ ಗೆರೆ ಕೊಂಚ ಅಗಲ. ಮೊನ್ನೆ ನನಗೆ ಹೂ ಮುಡಿಸುತ್ತಾ ಅತ್ತೆ, "ನನ್ನಿಂದ ಕಲೆ ಉಳೀತಲ್ಲೇ," ಎಂದರು.

"ಕೀವಾಗ್ಲಿಲ್ಲ, ಸೂಜಿ ಚುಚ್ಚಲಿಲ್ಲ. ಅಷ್ಟು ಕಾಪಾಡಿದಾಳಲ್ಲ ತಾಯಿ, ಇಷ್ಟು ಇರ್ಲಿ ಬಿಡಿ ಅತ್ತೆ."

ಅತ್ತೆ ಹೂವಿನ ತುದಿ ಗೆರೆಗೆ ತಾಗದಂತೆ ಹಿಂದಕ್ಕೆ ಸರಿಸಿ ಪಿನ್ ಹಾಕಿದರು.